ಹಿಂಜವಾಡಿಯನ್ನು ಪ್ರಬಂಧವಾಗಿಸುವುದು ಹೇಗೆ

ಪುಣೆಯ ಅಂಚಿನ ಹಿಂಜವಾಡಿಯ ಐ.ಟಿ. ಪಾರ್ಕಿಗೆ ಕೆಲಸಕ್ಕೆ ಬರುವ ಕನ್ನಡಿಗರು ಬಾಡಿಗೆ ಮನೆ ಹುಡುಕುವ ಬಡಾವಣೆಗಳಲ್ಲಿ ಪಿಂಪ್ಳೆ ಸೌದಾಗರ್ ಒಂದು. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟೂ ಅಪಾರ್ಟ್‌ಮೆಂಟುಗಳು. ನೂರು ವರ್ಷಗಳ ಹಿಂದೆ ಅದೊಂದು ಬೇಸಾಯದ ಹಳ್ಳಿ. ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಆ ಹಳ್ಳಿಯ ಒಂದೊಂದು ಹೊಲವನ್ನೂ ಒಂದೊಂದು ಮನೆಯ ಸಾಲವನ್ನೂ ವಿಚಾರಿಸಿ, 1917ರಲ್ಲಿ ದಖ್ಖನ್ನಿನ ಹಳ್ಳಿಯೊಂದರ ಭೂಮಿ ಮತ್ತು ದುಡಿಮೆ ಕುರಿತು ಪುಸ್ತಕ ತಂದರು. 1771ರಲ್ಲಿ ಸುಮಾರು 40 ಎಕರೆಯಿದ್ದ ಸರಾಸರಿ ಹಿಡುವಳಿ 1915ರ ಹೊತ್ತಿಗೆ 7 ಎಕರೆಗೆ ಇಳಿದದ್ದನ್ನು ಅವರು ತೋರಿಸಿದರು. ಮ್ಯಾನ್ ಮೂಲತಃ ರಸಾಯನಶಾಸ್ತ್ರಜ್ಞ. ಸಮಾಜಶಾಸ್ತ್ರದ ಪದವಿ ಅವರಿಗಿರಲಿಲ್ಲ. ಆದರೆ ಆ ಪದವಿ ಇಂದು ವಿದ್ಯಾರ್ಥಿಯಿಂದ ಬೇಡುವ ಕಸುಬು ಅವರ ಕೈಯಲ್ಲಿತ್ತು: ಎಲ್ಲರೂ ನೋಡಿ ಮುಂದೆ ಹೋಗುವ ಊರಿನಲ್ಲಿ ನಿಂತು, ಒಂದು ಪ್ರಶ್ನೆ ಹಿಡಿದು, ಉತ್ತರ ಸಿಗುವವರೆಗೂ ಬಿಡದಿರುವುದು.

ಹಿಂಜವಾಡಿಯಿಂದ ಬಾಣೇರ್ ರಸ್ತೆ ಹಿಡಿದರೆ ಗಣೇಶಖಿಂಡಿಯಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ ಸಿಗುತ್ತದೆ. ಅಲ್ಲಿ ಸಮಾಜಶಾಸ್ತ್ರ ವಿಭಾಗವಿದೆ. ಕಲಬುರಗಿ ಕಡೆಯ ಹುಡುಗಿಯೊಬ್ಬಳು ಇಂಥದೊಂದು ವಿಭಾಗ ಸೇರಿ, ಹಿಂಜವಾಡಿಯ ಮೇಲೆಯೇ ಪಿಎಚ್‌.ಡಿ. ಪ್ರಬಂಧ ಬರೆಯಲು ಹೊರಟಳು ಎಂದುಕೊಳ್ಳೋಣ. ಅವಳು ದಾಟಬೇಕಾದದ್ದು ಏನೇನು?

ಕಾಗದದ ಮೇಲಿನ ಶರತ್ತುಗಳು ಬೇಗ ಮುಗಿಯುತ್ತವೆ. ಮೊದಲು ಎಂ.ಎ., ನಾಲ್ಕು ಸೆಮಿಸ್ಟರ್. ಮಾರ್ಕ್ಸ್, ಡರ್ಕೈಮ್, ವೇಬರ್ ಒಂದು ಕಡೆ. ಘುರ್ಯೆ, ಶ್ರೀನಿವಾಸ್, ಅಂಬೇಡ್ಕರ್ ಇನ್ನೊಂದು ಕಡೆ. ಜೊತೆಗೆ ಸಂಶೋಧನಾ ವಿಧಾನ. ಪಿಎಚ್‌.ಡಿ.ಗೆ ಎಂ.ಎ.ಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟರು, ಹಿಂದುಳಿದವರು, ಅಂಗವಿಕಲರಿಗೆ ಶೇ 5ರ ರಿಯಾಯಿತಿ. ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಪಡೆದವರು ನೇರವಾಗಿಯೂ ಬರಬಹುದು. ಪ್ರವೇಶಕ್ಕೆ ರಾಷ್ಟ್ರಮಟ್ಟದ ನೆಟ್ ಅಥವಾ ವಿಶ್ವವಿದ್ಯಾಲಯದ ಪರೀಕ್ಷೆ, ಆಮೇಲೆ ಸಂದರ್ಶನ. ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ಅದರಲ್ಲಿ ಸಂಶೋಧನಾ ನೈತಿಕತೆಯ ಪಾಠವೂ ಸೇರಿದೆ. ಪ್ರತಿ ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ನಿಂತು ಕೆಲಸ ಎಲ್ಲಿಗೆ ಬಂತೆಂದು ಹೇಳಬೇಕು. ಮೂರು ವರ್ಷಕ್ಕಿಂತ ಮುಂಚೆ ಮುಗಿಸುವಂತಿಲ್ಲ. ಸಾಮಾನ್ಯವಾಗಿ ಆರು ವರ್ಷ ಮಿತಿ, ಮರುನೋಂದಣಿಯಲ್ಲಿ ಇನ್ನೆರಡು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ರಿಯಾಯಿತಿಯಿದೆ, 240 ದಿನಗಳ ಹೆರಿಗೆ ರಜೆಯಿದೆ. ಎಂ.ಫಿಲ್. ಈಗಿಲ್ಲ. ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ. ಅದಿಲ್ಲದೆ ಬರುವವರ ಕಷ್ಟವನ್ನು ಯಾವ ನಿಯಮವೂ ಎಣಿಸುವುದಿಲ್ಲ. ಬಡಮನೆಯ ಎಷ್ಟೋ ಒಳ್ಳೆಯ ಪ್ರಬಂಧಗಳು ಈ ಹೊಸ್ತಿಲಲ್ಲೇ ನಿಂತುಹೋಗಿವೆ ಎಂದು ನಾನು ನಂಬಿದ್ದೇನೆ.

ಇಷ್ಟಾದರೂ ಅವಳ ಬಳಿ ಇನ್ನೂ ಪ್ರಬಂಧವಿಲ್ಲ. ಅದು ಪ್ರಶ್ನೆಯಿಂದ ಹುಟ್ಟಬೇಕು. 'ಹಿಂಜವಾಡಿಯ ಐ.ಟಿ. ಉದ್ಯೋಗಿಗಳ ಸಾಮಾಜಿಕ ಸ್ಥಿತಿಗತಿ: ಒಂದು ಅಧ್ಯಯನ' ಎಂದು ಅವಳು ಸಾರಲೇಖ ಬರೆದು ಕೊಟ್ಟರೆ ಒಳ್ಳೆಯ ಗೈಡ್ ಅದನ್ನು ಹಿಂದಿರುಗಿಸುತ್ತಾರೆ. ಅದು ವಿಷಯವಾಯಿತು, ಪ್ರಶ್ನೆಯಾಗಲಿಲ್ಲ. ಇವೆರಡರ ಅಂತರವನ್ನು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಷ್ಟು ಸ್ಪಷ್ಟವಾಗಿ ಕಂಡುಂಡವರು ಕಡಿಮೆ. ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಮೈಸೂರು ಸೀಮೆಯ ಮದುವೆ, ಕುಟುಂಬಗಳ ಬಗ್ಗೆ ಎಂ.ಎ. ಪ್ರಬಂಧ ಬರೆದರು; ಅದು 1942ರಲ್ಲಿ ಪುಸ್ತಕವಾಯಿತು. ಅಲ್ಲಿಯೇ ಕೊಡವರ ಬಗ್ಗೆ ಭಾರಿ ಮಾಹಿತಿ ಕಲೆಹಾಕಿ ಪಿಎಚ್‌.ಡಿ. ಪಡೆದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿನ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್-ಬ್ರೌನ್ ಅವರಿಗೆ ಹೊಸ ವಿಷಯ ಕೊಡಲಿಲ್ಲ. ಅದೇ ಕೊಡವರ ಸಾಮಗ್ರಿಯನ್ನು ಮತ್ತೆ ಬಿಚ್ಚಿ ನೋಡು ಎಂದರು. ಪದ್ಧತಿಗಳ ಪಟ್ಟಿಯಾಗಿದ್ದದ್ದು ಈ ಸಲ ಒಂದು ಪ್ರಶ್ನೆಯ ಸುತ್ತ ಸೇರಿತು: ಆಚರಣೆಗಳು ಒಕ್ಕವೆಂಬ ಮನೆತನವನ್ನು, ಊರನ್ನು, ನಾಡನ್ನು ಹೇಗೆ ಒಂದಾಗಿ ಹಿಡಿದಿಡುತ್ತವೆ? ಆ ಎರಡನೇ ಪ್ರಬಂಧವೇ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜ ಕುರಿತ ಪುಸ್ತಕವಾಯಿತು, ಸಂಸ್ಕೃತೀಕರಣದ ಪರಿಕಲ್ಪನೆಯನ್ನು ಲೋಕಕ್ಕೆ ಪರಿಚಯಿಸಿತು. ಜನರೂ ಅವರೇ, ಸಾಮಗ್ರಿಯೂ ಬಹುಪಾಲು ಅದೇ. ಎರಡನೇ ಸಲ ಅದು ಮಾತಾಡಿತು.

ನಮ್ಮ ಹುಡುಗಿಗೂ ಹಿಂಜವಾಡಿಯಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಚೈತ್ರದಲ್ಲಿ ಗ್ರಾಮದೇವತೆ ಮ್ಹಾತೋಬಾನ ಜಾತ್ರೆ ನಡೆಯುತ್ತದೆ. ನಮ್ಮ ಜಾತ್ರೆಗಳ ಸಿಡಿಯನ್ನು ಹೋಲುವ ಬಗಾಡ ಹಿಂಜವಾಡಿಯಿಂದ ವಾಕಡ್‌ಗೆ ಹೋಗುತ್ತದೆ. ಹೊಲಗಳು ಕಂಪನಿ, ಕಟ್ಟಡಗಳ ಪಾಲಾದ ಮೇಲೂ ಜಾತ್ರೆಯಲ್ಲಿ ಮನೆತನದ ಮಾನ ಉಳಿದಿದೆ. ಜಮೀನು ಕೈಬಿಟ್ಟವರಿಗೆ ಆ ಮಾನ ಈಗ ಏನನ್ನು ಕೊಡುತ್ತಿದೆ? ಇದೊಂದು ಪ್ರಶ್ನೆ. ಇನ್ನೊಂದು ಬಂಧುತ್ವದ್ದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆ 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯನ್ನು ವಲಯಗಳಾಗಿ ವಿಂಗಡಿಸಿ ತೋರಿಸಿದರು. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವ ದಕ್ಷಿಣದ ರೂಢಿ ಮಹಾರಾಷ್ಟ್ರದತ್ತ ಬರುವಾಗ ತೆಳುವಾಗುತ್ತದೆ. ಆ ವಲಯಗಳ ನಡುವಿನ ಗೆರೆಯ ಎರಡೂ ಬದಿಯವರು ಈಗ ಒಂದೇ ಮಹಡಿಯಲ್ಲಿ ಅಕ್ಕಪಕ್ಕದ ಮನೆಯವರು. ಅವರ ಮಕ್ಕಳ ಮದುವೆಗಳು ಯಾವ ದಾರಿ ಹಿಡಿಯುತ್ತಿವೆ? ಮೂರು ವರ್ಷ ದುಡಿಯಲು ಇಷ್ಟು ಸಾಕು.

ಪ್ರಶ್ನೆ ಸಿಕ್ಕ ಮೇಲೆ ಕ್ಷೇತ್ರಕಾರ್ಯ. ನನ್ನ ಮೆಚ್ಚುಗೆಯೆಲ್ಲ ಈ ಭಾಗಕ್ಕೆ. ಎಲ್ಲಿ ಉಳಿಯುತ್ತೇವೆ ಎಂಬುದೇ ಯಾರ ಮಾತು ಕೇಳಿಸುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ರಾಂಪುರವೆಂಬ ಹಳ್ಳಿಗೆ ಹೋದಾಗ ಇಳಿದುಕೊಂಡದ್ದು ಊರಗೌಡರ ಎತ್ತಿನ ಮನೆಯಲ್ಲಿ. ಅದು ಅವರಿಗೆ ಊರಿನ ಎಷ್ಟೋ ಬಾಗಿಲು ತೆರೆಯಿತು. ಮೇಲುಜಾತಿಯವರ ಕಣ್ಣಿನಿಂದಲೇ ಊರನ್ನು ನೋಡುವಂತೆಯೂ ಮಾಡಿತು. ದಲಿತ ಕೇರಿ ತನಗೆ ದೂರವೇ ಉಳಿಯಿತೆಂದು ಅವರೇ ಬರೆದಿದ್ದಾರೆ. ಹಿಂಜವಾಡಿಯಲ್ಲಿ ಗೇಟು, ಸೆಕ್ಯುರಿಟಿ ಇರುವ ಸೊಸೈಟಿಯಲ್ಲಿ ಕೋಣೆ ಹಿಡಿದರೆ ಹುಬ್ಬಳ್ಳಿಯ ಎಂಜಿನಿಯರುಗಳ ಬದುಕು ತಿಳಿದೀತು. ಆ ಸೊಸೈಟಿಯನ್ನು ಕಟ್ಟಿದ, ತಗಡಿನ ಶೆಡ್ಡಿನಲ್ಲಿರುವ ಯಾದಗಿರಿ ಕಡೆಯ ಗೌಂಡಿಯವರ ಬದುಕು ಅಲ್ಲಿಂದ ಕಾಣದು. ಅಲ್ಲಿಗೆ ಹೋಗಲು ಅವಳ ಕಲಬುರಗಿ ಮಾತೇ ಸಾಕು. 'ಯಾವೂರ್ರಿ ನಿಮ್ದು?' ಎಂಬಲ್ಲಿಂದ ಮಾತು ಶುರುವಾಗಿ, ಉಗಾದಿಗೆ ಊರಿಗೆ ಹೋಗುವುದು, ಮುಂಗಡ ಕೊಟ್ಟ ಮೇಸ್ತ್ರಿ, ಮಕ್ಕಳ ಶಾಲೆ, ಹೀಗೆ ಒಂದೊಂದೇ ತೆರೆದುಕೊಳ್ಳುತ್ತದೆ. ಅದಕ್ಕೆ ವಾರಗಟ್ಟಲೆ ಬೇಕು. ಪ್ರಶ್ನಾವಳಿ ಹಿಡಿದು ಒಂದೇ ಸಂಜೆಯಲ್ಲಿ ನಲವತ್ತು ಜನರನ್ನು ಮುಗಿಸುವವರಿಗೆ ನಲವತ್ತು ಹಾಳೆ ಸಿಗುತ್ತದೆ, ಅಷ್ಟೆ.

ಕೇಳಿದ್ದನ್ನು ಅಂದಂದೇ ಬರೆಯಬೇಕು. ತಾವು ಯಾರೆಂದು, ಏಕೆ ಕೇಳುತ್ತಿದ್ದೇವೆಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಹೇಳಿದವರಿಗೆ ತೊಂದರೆಯಾಗದಂತೆ ಹೆಸರು ಮರೆಸಬೇಕು. ರಾಂಪುರ ಎನ್ನುವುದೂ ಶ್ರೀನಿವಾಸರು ಇಟ್ಟ ಹೆಸರೇ. ಟಿಪ್ಪಣಿಗಳನ್ನು ಜೋಪಾನ ಮಾಡಬೇಕು ಎನ್ನುವುದಕ್ಕೂ ಅವರ ಬದುಕಿನಲ್ಲೇ ಸಾಕ್ಷಿಯಿದೆ. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಬೆಂಕಿ ಬಿದ್ದು, ಹದಿನೆಂಟು ವರ್ಷಗಳಿಂದ ಹದಗೊಳಿಸಿದ್ದ ರಾಂಪುರದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಅವರ ರಾಂಪುರದ ಪುಸ್ತಕ 1976ರಲ್ಲಿ ಹೊರಬಂತು. ಬರೆದದ್ದೆಲ್ಲ ಸುಟ್ಟ ಮೇಲೂ ಒಂದು ಊರು ತಲೆಯೊಳಗೆ ಅಷ್ಟು ತುಂಬಿರಬೇಕಾದರೆ, ಅಲ್ಲಿ ಇದ್ದ ದಿನಗಳಲ್ಲಿ ಆ ಮನುಷ್ಯ ಎಷ್ಟು ಕಣ್ಣಿಟ್ಟು ನೋಡಿರಬೇಕು!

ಕೊನೆಯದು ಬರವಣಿಗೆ ಮತ್ತು ಪರೀಕ್ಷೆ. ಕೃತಿಚೌರ್ಯದ ತಪಾಸಣೆಯಾಗುತ್ತದೆ. ವಿಶ್ವವಿದ್ಯಾಲಯದ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಓದುತ್ತಾರೆ. ವೈವಾದಲ್ಲಿ ಅವರಲ್ಲೊಬ್ಬರು ಎದುರು ಕೂತು ಕೇಳುವುದು ಸಾಮಾನ್ಯವಾಗಿ ಮೂರೇ ಬಗೆಯ ಪ್ರಶ್ನೆ: ಇದು ನಿನಗೆ ಹೇಗೆ ಗೊತ್ತು, ಇವರನ್ನೇ ಏಕೆ ಕೇಳಿದೆ, ಮುಂಚಿನವರು ಹೇಳಿದ್ದಕ್ಕಿಂತ ಇದರಲ್ಲಿ ಹೊಸದೇನು. ಶೆಡ್ಡಿನಲ್ಲಿ ಕೂತು ಕೇಳಿಬಂದವಳು ಮೂರಕ್ಕೂ ಉತ್ತರ ಹೇಳಬಲ್ಲಳು. ಗೆದ್ದ ಮೇಲೆ ಪ್ರಬಂಧದ ಪ್ರತಿ ಇನ್‌ಫ್ಲಿಬ್‌ನೆಟ್‌ಗೆ ಹೋಗಿ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ಸೇರುತ್ತದೆ. ಅಲ್ಲಿ ಅದನ್ನು ಯಾರೂ ಕಾಸು ಕೊಡದೆ ಓದಬಹುದು. ಈ ಹಾದಿ ಹಿಡಿಯಬೇಕೆಂದಿರುವವರು ಅರ್ಜಿ ತುಂಬುವ ಮೊದಲು ಅಲ್ಲಿಗೆ ಹೋಗಿ, ತಮ್ಮದೇ ಜಿಲ್ಲೆಯ ಬಗ್ಗೆ ಬಂದ ಎರಡು ಮೂರು ಪ್ರಬಂಧ ತೆರೆದು, ಕ್ಷೇತ್ರಕಾರ್ಯದ ಅಧ್ಯಾಯವನ್ನೇ ಮೊದಲು ಓದಲಿ.