ಸಂಜೆಗಳನ್ನು ಹಂಚುವವರು

ಪೆನ್ಸಿಲ್ವೇನಿಯಾದಲ್ಲಿರುವ ಮಗಳ ಮನೆಯಲ್ಲಿ ವಸಂತಕಾಲವನ್ನು ಕಳೆಯಲು ಹೋದ ನಾನು, ಹನ್ನೊಂದು ವರ್ಷದ ಮೊಮ್ಮಗನ ಬೇಸ್‌ಬಾಲ್ ನೋಡುವ ಕುತೂಹಲದಿಂದ ಮೈದಾನಕ್ಕೆ ಹೋಗಿದ್ದೆನಾದರೂ, ನನ್ನ ಮನಸ್ಸು ನೆಟ್ಟುನಿಂತದ್ದು ಆ ಊರಿನ ಲೀಗಿನ ವೇಳಾಪಟ್ಟಿಯನ್ನು ಬರೆಯುವ ವೃದ್ಧರೊಬ್ಬರ ಅಡುಗೆಮನೆಯ ಮೇಜಿನಲ್ಲಿ.

ಅಂಚೆ ಇಲಾಖೆಯಿಂದ ನಿವೃತ್ತರಾದ ಅವರು ಈ ಕಾರ್ಯಕ್ಕಾಗಿ ಯಾರಿಂದಲೂ ಬಿಡಿಗಾಸು ಪಡೆಯುವವರಲ್ಲ. ಮೇಜಿನಗಲಕ್ಕೂ ಹಾಸಿದ ಕಾಗದದ ಮೇಲೆ ಪೆನ್ಸಿಲಿನ ಚೌಕಗಳು. ಅಳಿಸಿ ಅಳಿಸಿ ಮಂಗಳವಾರದ ಸಾಲುಗಳು ಈರುಳ್ಳಿಯ ಸಿಪ್ಪೆಯಂತೆ ತೆಳುವಾಗಿದ್ದವು. ಎಲ್ಲ ತಂಡಗಳಿಗೂ ಇರುವುದು ಎರಡೇ ಬೇಸ್‌ಬಾಲ್ ಅಂಗಳ, ಬಾಲಕಿಯರ ಸಾಫ್ಟ್‌ಬಾಲಿಗೆ ಒಂದು. ಎಸೆತಗಾರನಿಗಾಗಿ ದಿಬ್ಬವೆಬ್ಬಿಸಿದ ಅಂಗಳದಲ್ಲಿ ಸಾಫ್ಟ್‌ಬಾಲ್ ಆಡಲಾಗದು, ಅದಕ್ಕೆ ಸಮತಟ್ಟಾದ ನೆಲವೇ ಬೇಕು. ದೀಪಗಳಿಲ್ಲವಾದ್ದರಿಂದ ಸೂರ್ಯನೇ ಕೊನೆಯ ತೀರ್ಪುಗಾರ.

ಒಂದು ಗುರುವಾರ ಮಳೆ ಸುರಿದು ಮೊಮ್ಮಗನ ತಂಡದ ಪಂದ್ಯ ನಿಂತಿತು. ಶನಿವಾರದ ಪಂದ್ಯ ಮುಗಿದ ಮೇಲೆ, ನಿಂತುಹೋದ ಆಟಕ್ಕೆ ಜಾಗ ಹುಡುಕುತ್ತಿದ್ದ ಆ ಹಿರಿಯರ ಬಳಿ ನಾನು ಕುಳಿತಿದ್ದೆ. ಬುಧವಾರ ಅಂಗಳ ಖಾಲಿ. ಆದರೆ ತಂಡದ ಮುಖ್ಯ ಎಸೆತಗಾರ ಶನಿವಾರ 66 ಎಸೆತಗಳನ್ನು ಎಸೆದಿದ್ದನು. ಊರಿನ ಲೀಗು ಪಾಲಿಸುವ, ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗಿನ ನಿಯಮದಂತೆ ಆ ವಯಸ್ಸಿನವರಿಗೆ ದಿನದ ಮಿತಿ 85. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ, 65ಕ್ಕೇ ನಿಲ್ಲಿಸಿದ್ದರೆ ಮೂರೇ ದಿನ. ಒಂದೇ ಒಂದು ಎಸೆತದಿಂದ ಬುಧವಾರ ಅವನ ಕೈತಪ್ಪಿತು. ಬೆಳೆಯುವ ಎಲುಬುಗಳ ಮೇಲಣ ಕಾಳಜಿಯಿಂದ ಇನಿಂಗ್ಸಿನ ಲೆಕ್ಕವನ್ನು ಬಿಟ್ಟು 2007ರಲ್ಲಿ ಎಸೆತಗಳ ಲೆಕ್ಕವನ್ನು ತಂದ ನಿಯಮವಿದು. ಗುರುವಾರಕ್ಕೆ ಮುಂದೂಡಬಹುದಲ್ಲವೇ ಎಂದು ಕೇಳಿದೆ. ಅಂದು ಎಂಟು ವರ್ಷದವರ ಅಭ್ಯಾಸವಿತ್ತು. ದೊಡ್ಡವರ ಪಂದ್ಯಕ್ಕಾಗಿ ಚಿಕ್ಕವರ ಸಂಜೆಯನ್ನು ಕಸಿದುಕೊಳ್ಳುವುದು ತಮ್ಮಿಂದಾಗದೆಂದು ಹೇಳಿ, ಅವರು ಬುಧವಾರದ ಚೌಕದಲ್ಲೇ ಎರಡೂ ತಂಡಗಳ ಹೆಸರನ್ನು ಬರೆದರು.

ಲಿಟಲ್ ಲೀಗಿನ ಪೂರ್ವೇತಿಹಾಸವನ್ನು ನನಗೆ ಹೇಳಿದವರೂ ಅವರೇ. 1938ರ ಬೇಸಿಗೆಯಲ್ಲಿ ವಿಲಿಯಮ್ಸ್‌ಪೋರ್ಟಿನ ಕಾರ್ಲ್ ಸ್ಟಾಟ್ಸ್ ಎಂಬ ಗುಮಾಸ್ತನು ಬಂಧುಗಳ ಮಕ್ಕಳೊಡನೆ ಚೆಂಡಾಡುತ್ತಿರುವಾಗ, ಕತ್ತರಿಸಿದ ಲೈಲಾಕ್ ಪೊದೆಯ ಕಡ್ಡಿ ತಗುಲಿ ಕಾಲು ತರಚಿತಂತೆ. ನೋವಿನಿಂದ ಮೆಟ್ಟಿಲ ಮೇಲೆ ಕುಳಿತವನಿಗೆ, ಮಕ್ಕಳ ಅಳತೆಗೆ ಕುಗ್ಗಿಸಿದ ಒಂದು ಆಟದ ಸಂಸ್ಥೆ ಏಕಿರಬಾರದೆಂದು ಹೊಳೆಯಿತು. ಮಡಿಸಿದ ದಿನಪತ್ರಿಕೆಗಳನ್ನೇ ಬೇಸ್‌ಗಳಾಗಿಟ್ಟು, ಹುಡುಗರನ್ನು ಓಡಿಸಿ ಓಡಿಸಿ, ಬೇಸ್‌ಗಳ ನಡುವೆ ದೊಡ್ಡವರಿಗಿರುವ 90 ಅಡಿಯನ್ನು 60ಕ್ಕಿಳಿಸಿದನು. 1939ರ ಜೂನ್ 6ರಂದು ಮೂರು ತಂಡಗಳ ಆ ಲೀಗಿನ ಮೊದಲ ಪಂದ್ಯ ನಡೆದು, ಲಂಡಿ ಲಂಬರ್ 23-8ರಿಂದ ಲೈಕಮಿಂಗ್ ಡೈರಿಯನ್ನು ಸೋಲಿಸಿತು. ಬಾಲಕಿಯರಿಗೆ ಬಾಗಿಲು ತೆರೆದದ್ದೂ ಸಾಫ್ಟ್‌ಬಾಲ್ ಶಾಖೆ ಹುಟ್ಟಿದ್ದೂ 1974ರಲ್ಲಿ.

ಈಚೆಗೆ ಹಣವುಳ್ಳವರು ಮಕ್ಕಳನ್ನು ಊರೂರು ಸುತ್ತುವ ದುಬಾರಿ ತಂಡಗಳಿಗೆ ಸೇರಿಸುತ್ತಾರೆ. ಅಲ್ಲಿ ಕೈಚಳಕ ಬಲಿಯುವುದು ನಿಜವಿರಬಹುದು, ಆದರೆ ಪ್ರತಿ ಮಗುವಿಗೂ ಒಮ್ಮೆಯಾದರೂ ದಾಂಡು ಹಿಡಿಯುವ ಅವಕಾಶ ಸಿಗಲೇಬೇಕೆನ್ನುವ ಊರಿನ ಲೀಗು ಬಡವಾಗುವುದನ್ನು ನೋಡಿ ನನಗೆ ವ್ಯಥೆಯಾಯಿತು. ಪೆನ್ಸಿಲನ್ನು ಯಾರ ಕೈಗೆ ಕೊಡುವುದೆಂಬುದು ಆ ಹಿರಿಯರಿಗೂ ತೋಚಿರಲಿಲ್ಲ.

ಬುಧವಾರ, ಎಸೆಯಬೇಕಾದವನು ಬೆಂಚಿನ ಮೇಲೆ ಕುಳಿತಿರಲಾಗಿ, ಅದುವರೆಗೆ ಒಮ್ಮೆಯೂ ದಿಬ್ಬವೇರದ ನನ್ನ ಮೊಮ್ಮಗನನ್ನು ಕೋಚ್ ಕರೆದರು. ಮೊದಲ ಚೆಂಡು ನೆಲಕ್ಕೆ ಬಡಿಯಿತು. ಐದನೆಯ ಇನಿಂಗ್ಸಿನ ಹೊತ್ತಿಗೆ ಮರಗಳ ನೆರಳು ಎರಡನೆಯ ಬೇಸನ್ನು ಮುಟ್ಟಿತ್ತು. ಬೇಲಿಗೊರಗಿ ನಿಂತಿದ್ದ ವೃದ್ಧರು ಆಟವನ್ನು ಬಿಟ್ಟು ಪಡುವಣದ ಆಕಾಶವನ್ನೇ ನೋಡುತ್ತಿದ್ದರು.