ಬೆಟ್ಟದ ಏಣಿನ ಹಾದಿ: ಕುಮಾರಪರ್ವತವೆಂಬ ಪಾಠ

ಚಾರಣಕಥನಗಳನ್ನು ಬೋಧಿಸುವಾಗ ‘ದುರ್ಗಮ’, ‘ರಮಣೀಯ’ ಎಂಬ ವಿಶೇಷಣಗಳಿಗೆ ಅರ್ಥ ಬರೆಯಿಸಿ ಮುಂದೆ ಸಾಗುವ ರೂಢಿಯುಂಟು. ಹಾದಿ ದುರ್ಗಮವಾಗುವುದು ಏಕೆ, ನೋಟ ರಮಣೀಯವಾಗುವುದು ಹೇಗೆ ಎಂಬುದು ತಿಳಿದಾಗಲೇ ಆ ಪದಗಳು ವಿದ್ಯಾರ್ಥಿಯ ಸ್ವಂತವಾಗುತ್ತವೆ. ಇದಕ್ಕೆ ಕುಮಾರಪರ್ವತವು ಉತ್ತಮ ನಿದರ್ಶನ.

ಮೊದಲು ‘ಏಣು’ ಎಂಬ ಪದವನ್ನು ಪರಿಚಯಿಸಬೇಕು. ಬೆಟ್ಟದ ಎರಡು ಇಳಿಜಾರುಗಳು ಮೇಲೆ ಕೂಡುವ ನೀಳವಾದ ಅಂಚೇ ಏಣು. ಮಕ್ಕಳು ಇದನ್ನು ‘ಏಣಿ’ಯೊಡನೆ ಬೆರೆಸದಂತೆ ನೋಡಿಕೊಳ್ಳಬೇಕು. ಮಡಿಸಿದ ಕಾಗದವನ್ನು ಮೇಜಿನ ಮೇಲೆ ಕವುಚಿಟ್ಟರೆ ಅರ್ಥ ತಾನಾಗಿ ಹೊಳೆಯುತ್ತದೆ.

ಪುಷ್ಪಗಿರಿ ಎಂದೂ ಹೆಸರಾದ ಈ ಶಿಖರದ ಎತ್ತರ 1,712 ಮೀಟರ್. ಅದರ ಬುಡದ ಕುಕ್ಕೆ ಸುಬ್ರಹ್ಮಣ್ಯವು ಸಮುದ್ರಮಟ್ಟದಿಂದ ನೂರು ಮೀಟರಿಗಿಂತ ತುಸುವೇ ಮೇಲಿದೆ. ಎಂದರೆ ಏರಬೇಕಾದುದು ಸುಮಾರು 1,600 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಶಿಖರವು ಬುಡಕ್ಕಿಂತ ಹತ್ತು ಡಿಗ್ರಿಯಷ್ಟು ತಂಪು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

ಗಿರಿಗದ್ದೆಯವರೆಗಿನ ಹಾದಿ ದಟ್ಟ ಕಾಡಿನ ನೆರಳಿನಲ್ಲಿದೆ. ಅಲ್ಲಿ ಕಷ್ಟವೆಂದರೆ ಕಡಿದಾದ ಏರು ಮಾತ್ರ. ಅನಂತರ ಬಯಲಾದ ಹುಲ್ಲುಗಾವಲು. ಕಲ್ಲುಮಂಟಪವನ್ನು ದಾಟಿ ಶೇಷಪರ್ವತದ ಏಣನ್ನು ಏರುವಾಗ ಬಿಸಿಲಿಗೆ ಮರೆಯಿಲ್ಲ, ಗಾಳಿಗೆ ತಡೆಯಿಲ್ಲ. ಕಣಿವೆಗಳು ಒಟ್ಟಿಗೆ ತೆರೆದುಕೊಳ್ಳುವುದೂ ಇಲ್ಲಿಯೇ. ನೋಟಕ್ಕೂ ಕಷ್ಟಕ್ಕೂ ಕಾರಣ ಒಂದೇ: ಮರೆಯಿಲ್ಲದಿರುವುದು. ಮುಂದೆ ಹಾದಿ ಕಾಡಿನೊಳಗಿಳಿದು, ಬಂಡೆಯನ್ನೇರಿ ಶಿಖರ ಸೇರುತ್ತದೆ. ಗಾಳಿ ಬಡಿಯುವ, ಮಣ್ಣು ತೆಳುವಾದ ಏಣಿನ ಮೇಲೆ ಹುಲ್ಲು. ನೀರೂ ಮಣ್ಣೂ ನಿಲ್ಲುವ ಮಡಿಲಿನಲ್ಲಿ ಶೋಲಾ ಕಾಡು. ವಯನಾಡಿನ ಚೆಂಬ್ರದಲ್ಲಿ, ಕಾಸರಗೋಡಿನ ರಾಣಿಪುರದಲ್ಲಿ, ನೀಲಗಿರಿಯಲ್ಲಿ ಇದೇ ಜೋಡಣೆಯನ್ನು ಕಾಣಬಹುದು.

ಎಚ್ಚರಿಕೆಯ ಮಾತುಗಳನ್ನೂ ಕಾರಣಸಹಿತವಾಗಿಯೇ ಕಲಿಸಬೇಕು. ಗುಡುಗು ಕೇಳಿಸಿದೊಡನೆ ಏಣಿನಿಂದ ಕೆಳಗಿಳಿಯಬೇಕು. ಏಕೆಂದರೆ ಅಲ್ಲಿ ನಿಂತ ಮನುಷ್ಯನೇ ಸುತ್ತಲಿನ ಅತ್ಯಂತ ಎತ್ತರದ ವಸ್ತು. ಮಂಜು ಕವಿದರೆ ಹುಲ್ಲಿನ ನಡುವೆ ಕಾಲುದಾರಿ ಕಾಣದು. ದಣಿದ ಕಾಲುಗಳು ಜಾರುವುದು ಇಳಿಯುವಾಗಲೇ ಹೆಚ್ಚು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಲ್ಲಿ ಚಾರಣ ಸಲ್ಲದು. ಎಳೆಯ ಮಕ್ಕಳನ್ನು ಕರೆದೊಯ್ಯಲು ಈ ಹಾದಿ ತಕ್ಕುದಲ್ಲ; ತರಗತಿಯಲ್ಲಿ ನಕ್ಷೆ ಬಿಡಿಸಿ ಕಲಿಸಿದರೆ ಸಾಕು.

ಚಟುವಟಿಕೆ 1: ಕಾಸರಗೋಡಿನ ಮಗು ‘ಗುಡ್ಡೆ’ ಎಂದೀತು, ಸೋಲಾಪುರದ ಮಗು ‘ಗುಡ್ಡ’, ತಾಳವಾಡಿಯ ಮಗು ‘ಬೆಟ್ಟ’. ತಮ್ಮ ಊರಿನಲ್ಲಿ ಏಣು, ಕಣಿವೆ, ತೊರೆಗಳಿಗಿರುವ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಬರಲು ಹೇಳಿರಿ. ಮನೆಮಾತಿನ ಪದಗಳನ್ನು ತಿದ್ದದೆ, ಪಠ್ಯದ ಪದಗಳ ಪಕ್ಕದಲ್ಲಿಯೇ ಬರೆಯಿಸಿರಿ.

ಚಟುವಟಿಕೆ 2: ಮಧ್ಯಾಹ್ನ ಎರಡು ಗಂಟೆ. ಶಿಖರಕ್ಕೆ ಇನ್ನು ಅರ್ಧ ಗಂಟೆಯ ಹಾದಿ. ಪಶ್ಚಿಮದಲ್ಲಿ ಕಾರ್ಮೋಡ, ತಂಡದಲ್ಲೊಬ್ಬರಿಗೆ ಕಾಲುನೋವು. ಮುಂದೆ ಹೋಗಬೇಕೇ, ಮರಳಬೇಕೇ? ಕಾರಣಗಳೊಡನೆ ಒಂದು ಪುಟ ಬರೆಯಲಿ. ಮರಳಿದವರನ್ನು ಸೋತವರೆಂದು ಬರೆದ ಮಗುವಿದ್ದರೆ, ಆ ಕುರಿತು ತರಗತಿಯಲ್ಲಿ ಚರ್ಚೆ ನಡೆಯಲಿ.