ಲಂಟಾನಕ್ಕೆ ಬೆಲೆ ತಂದ ಸೋಲಿಗರು

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದವರು ಬಂಡೀಪುರದಲ್ಲಿ ಹುಲಿಗಾಗಿ ಕಣ್ಣು ಹಾಯಿಸುತ್ತಾರೆ. ಕಣ್ಣಿಗೆ ಬೀಳುವುದು ಹೆಚ್ಚಾಗಿ ಲಂಟಾನ. ಎರಡು ಶತಮಾನಗಳ ಹಿಂದೆ ಅಲಂಕಾರಕ್ಕೆಂದು ಹೊರದೇಶದಿಂದ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದ ಈ ಪೊದೆ ಇಂದು ಹುಲ್ಲನ್ನು ಅಡಗಿಸಿ ಜಿಂಕೆ, ಕಾಟಿಗಳ ಮೇವು ಕಸಿದಿದೆ. 2019ರ ಫೆಬ್ರುವರಿಯಲ್ಲಿ ಇಲ್ಲಿನ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಒಣಗಿದ ಲಂಟಾನವೂ ಆ ಬೆಂಕಿಗೆ ಸೌದೆಯಾಯಿತು.

ಬಂಡೀಪುರವಿರುವ ಚಾಮರಾಜನಗರ ಜಿಲ್ಲೆಯಲ್ಲೇ, ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಬುಡಕಟ್ಟಿನವರು ಈ ಕಳೆಯನ್ನೇ ಮರಮುಟ್ಟಾಗಿ ಬಳಸುತ್ತಾರೆ. ಹೆಣಿಗೆಗೆ ಬೇಕಾದ ಬಿದಿರು ಸಿಗುವುದು ಕಷ್ಟವಾದಾಗ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ 2004ರ ಸುಮಾರಿಗೆ ಅವರಿಗೆ ಲಂಟಾನದ ಕೆಲಸದಲ್ಲಿ ತರಬೇತಿ ಕೊಡತೊಡಗಿತು.

ಕೆಲಸ ಸುಲಭದ್ದಲ್ಲ. ಮುಳ್ಳಿನ ಪೊದೆಯೊಳಗೆ ನುಗ್ಗಿ ನೆಟ್ಟಗಿರುವ ಕಡ್ಡಿಗಳನ್ನು ಆರಿಸಿ ಹೊರೆ ಕಟ್ಟಿ ತರಬೇಕು. ದೊಡ್ಡ ಡ್ರಮ್ಮಿನಲ್ಲಿ ನೀರು ಕಾಯಿಸಿ ಬೇಯಿಸಿದರೆ ತೊಗಟೆ ಸುಲಿಯಲು ಬರುತ್ತದೆ, ಕಡ್ಡಿಯೂ ಮೆತ್ತಗಾಗುತ್ತದೆ. ಬಿಸಿ ಆರುವುದರೊಳಗೆ ಬಗ್ಗಿಸಿ, ಚೌಕಟ್ಟಿಗೆ ಮೊಳೆ ಹೊಡೆದು, ಉಜ್ಜಿ ವಾರ್ನಿಷ್ ಬಳಿಯಬೇಕು. ಕುರ್ಚಿ, ಸೋಫಾ, ಪುಸ್ತಕದ ಕಪಾಟು, ಬುಟ್ಟಿ ಎಲ್ಲವೂ ಹೀಗೇ ಆಗುತ್ತವೆ. ನೋಡಲು ಬೆತ್ತದಂತೆ, ಗೆದ್ದಲು ಹತ್ತುವುದು ಕಡಿಮೆ. ಲಂಟಾನವನ್ನು ಸುಟ್ಟು ಇದ್ದಿಲು ಮಾಡುವ ಪ್ರಯತ್ನಗಳೂ ನಡೆದಿವೆ, ಆದರೆ ಕುಶಲಕರ್ಮಿಯ ಕೈಗೆ ಹೆಚ್ಚು ಕೂಲಿ ದಕ್ಕುವುದು ಕುರ್ಚಿಯಲ್ಲೇ ಎಂಬುದು ನನ್ನ ನಂಬಿಕೆ.

ಗಡಿಯಾಚೆ ತಮಿಳುನಾಡಿನ ಗೂಡಲೂರಿನಲ್ಲಿ ಬೆಟ್ಟಕುರುಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕಲಾವಿದರು ಇದರಲ್ಲೇ ಆಳೆತ್ತರ ಮೀರಿದ ಆನೆಗಳನ್ನು ಕಟ್ಟಿದರು. ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ಇಂಥ ಆನೆಗಳು ಅಮೆರಿಕಕ್ಕೂ ಹೋದವು.

ಇಷ್ಟರಿಂದ ಕಾಡು ಚೊಕ್ಕಟವಾಗದು. ಕಡಿದ ಬುಡ ಮತ್ತೆ ಚಿಗುರುತ್ತದೆ. ನಿರ್ಮೂಲವಾಗಬೇಕಾದರೆ ನೆಲದೊಳಗಿನ ಬೇರನ್ನೇ ಕತ್ತರಿಸಿ, ಬುಡ ಮೇಲಾಗಿಸಿ, ಆ ಜಾಗದಲ್ಲಿ ಹುಲ್ಲು ಬರುವವರೆಗೆ ವರ್ಷಗಟ್ಟಲೆ ಕಾಯಬೇಕು. ಬಿಳಿಗಿರಿರಂಗನ ಬೆಟ್ಟದ ಹಿರಿಯ ಸೋಲಿಗರು ಬೇರೊಂದು ಮಾತನ್ನೂ ಹೇಳುತ್ತಾರೆ: ಬೇಸಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹಬ್ಬಿತು. ತರಗೆಲೆಯಷ್ಟೇ ಉರಿಯುವ ಆ ಸಣ್ಣ ಬೆಂಕಿ ಎಳೆಯ ಲಂಟಾನವನ್ನು ಸುಡುತ್ತಿತ್ತು, ದೊಡ್ಡ ಮರಗಳಿಗೆ ತಾಗುತ್ತಿರಲಿಲ್ಲ. ಕಾಡಿನ ಬಗ್ಗೆ ತೀರ್ಮಾನ ಮಾಡುವವರು ಈ ಅನುಭವಕ್ಕೆ ಕಿವಿಗೊಡಬೇಕು.

ಮಲೆ ಮಹದೇಶ್ವರ ಬೆಟ್ಟಕ್ಕೆ ಮಾದಪ್ಪನ ದರ್ಶನಕ್ಕೆಂದು ಹೋಗುವವರಲ್ಲಿ ಒಂದು ವಿನಂತಿ. ಲಂಟಾನದ ಕುರ್ಚಿಯನ್ನು ವಿಚಾರಿಸಿ, ಹಿಡಿಸಿದರೆ ಕೊಳ್ಳಿ. ಚೌಕಾಸಿ ಮಾತ್ರ ಮಾಡಬೇಡಿ.